ಮೂರು ಮನೆಗೊಂದು ವಾಷಿಂಗ್ ಮಷೀನು

ಜನವರಿ 12, ಸೋಮವಾರ

ಇವತ್ತು ಮನೆಗೆ ವಾಷಿಂಗ್ ಮಷೀನು ಬಂತು. ನಮ್ಮದಲ್ಲ. ಆದರೆ ಇರುವುದು ನಮ್ಮ ಮನೆಯಲ್ಲಿ, ಕುಡಿಯುವುದು ನಮ್ಮ ನೀರು, ತಿನ್ನುವುದು ನಮ್ಮ ಕರೆಂಟು. ಅಜ್ಜಿ ಅದರ ಸುತ್ತ ಒಂದು ಸಲ ಬಂದು, "ಮನೆ ಅಳಿಯ ಬಂದ ಹಾಗಾಯ್ತು" ಎಂದಳು.

ಅಂಗಡಿಯ ಬೋರ್ಡಿನ ಮೇಲೆ 'ಬಾಡಿಗೆ ಕಟ್ಟಿ, ಸ್ವಂತ ಮಾಡಿಕೊಳ್ಳಿ' ಎಂದು ಬರೆದಿದೆ. ವಾರ ವಾರ ಬಾಡಿಗೆ ಕಟ್ಟಬೇಕು, ಎರಡು ವರ್ಷ. ಅದೆಲ್ಲ ಮುಗಿದ ಮೇಲೆ ಮಷೀನು ನಮ್ಮದು. ಅಷ್ಟು ಹೊತ್ತಿಗೆ ಎರಡೂವರೆ ಮಷೀನಿನ ದುಡ್ಡು ಕಟ್ಟಿರುತ್ತೀರಿ ಎಂದು ಪಕ್ಕದ ಮನೆಯ ದರ್ಜಿ ಮಾವ ಕಿಟಕಿಯಿಂದಲೇ ಲೆಕ್ಕ ಹಾಕಿ ಹೇಳಿದರು. ಚಿಕ್ಕಮ್ಮನಿಗೆ ರೇಗಿತು.

"ಒಂದೇ ಸಲ ಕೊಡೋಕೆ ದುಡ್ಡಿದ್ದಿದ್ರೆ ನಾನ್ಯಾಕೆ ಆ ಅಂಗಡಿ ಮೆಟ್ಲು ಹತ್ತುತಿದ್ದೆ? ನೀವು ಸಾಲ ಕೊಡ್ತೀರಾ?"

ಮಾವ ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗಿಹೋದರು.

ಚಿಕ್ಕಮ್ಮ ಲಾಡ್ಜಿನ ಹೊದಿಕೆ, ಟವೆಲು ಒಗೆದು ಕೊಡುತ್ತಾಳೆ. ನಾನು ಗಂಟು ಹೊತ್ತು ತರುತ್ತೇನೆ, ಹೊತ್ತು ಕೊಡುತ್ತೇನೆ. ಅಜ್ಜಿ ಕೂತಲ್ಲೇ ಮಡಿಚುತ್ತಾಳೆ. ಸೋಪಿನ ನೀರಿಗೆ ಚಿಕ್ಕಮ್ಮನ ಬೆರಳ ಸಂದುಗಳು ಬಿರಿದು, ಬಿಳಿ ಹೊದಿಕೆಯ ಮೇಲೆ ರಕ್ತದ ಕಲೆ ಕೂರುವುದಕ್ಕೆ ಶುರುವಾಗಿತ್ತು. ಕೈ ನೀರಿಗೆ ಹಾಕಬೇಡ ಎಂದು ಡಾಕ್ಟರು ಹೇಳಿದರು. ಕೈ ಹಾಕದಿದ್ದರೆ ಬಾಯಿಗೆ ಏನು ಹಾಕುವುದು ಎಂದು ಅವರು ಹೇಳಲಿಲ್ಲ. ಅದಕ್ಕೇ ಮಷೀನು.

ಅಂಗಡಿಯ ವಸೂಲಿಯವನೂ ಜೊತೆಗೆ ಬಂದಿದ್ದ. ಪ್ರತಿ ಶನಿವಾರ ಬರುತ್ತಾನಂತೆ. ಹೋಗುವಾಗ ಎರಡು ಮಾತು ಹೇಳಿದ. ಒಂದು, ಬಾಡಿಗೆ ತಪ್ಪಿದರೆ ಮಷೀನು ವಾಪಸು. ಇನ್ನೊಂದು, ಮಷೀನು ಈ ಮನೆಯ ಹೊಸ್ತಿಲು ದಾಟಿದರೂ ವಾಪಸು. ಎರಡರಲ್ಲೂ ಕಟ್ಟಿದ ದುಡ್ಡು ಬರುವುದಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಹೆಸರೇನಮ್ಮ?" ಎಂದ. ನಾನು ಬಾಗಿಲ ಹಿಂದೆ ಹೋದೆ. ಚಿಕ್ಕಮ್ಮ, "ಅವಳು ನಮ್ಮನೆ ಮೌನಗೌರಿ. ಅವಳನ್ನೇನೂ ಕೇಳಬೇಡಿ" ಎಂದಳು.

ಜನವರಿ 31, ಶನಿವಾರ

ಅಜ್ಜಿ ಅವನಿಗೆ 'ಶನಿವಾರ' ಎಂದೇ ಹೆಸರಿಟ್ಟಿದ್ದಾಳೆ. "ಪೂರ್ತಿ ಕರೆಯೋಕೆ ಬೇಜಾರಾದ್ರೆ ಮೊದಲ ಎರಡಕ್ಷರ ಸಾಕು" ಎನ್ನುತ್ತಾಳೆ.

ಲಾಡ್ಜಿನಲ್ಲಿ ಗುಮಾಸ್ತ ಇವತ್ತು ಟವೆಲು ಎಣಿಸುವಾಗ ತಪ್ಪಿದ. ಕಡಿಮೆ ಹೇಳಿದ. ನನಗೆ ಗೊತ್ತಾಯಿತು. ಅವನು ತಲೆ ಎತ್ತಿದಾಗ ಹೇಳೋಣ ಎಂದು ನಿಂತಿದ್ದೆ. ಅವನು ತಲೆ ಎತ್ತಲಿಲ್ಲ. ಬಂದುಬಿಟ್ಟೆ.

ಫೆಬ್ರವರಿ 9, ಸೋಮವಾರ

ಲಾಡ್ಜಿನವರು ಗಿರಾಕಿ ಕಡಿಮೆ ಎಂದು ಗಂಟು ಅರ್ಧಕ್ಕೆ ಇಳಿಸಿದ್ದಾರೆ. ಬಾಡಿಗೆ ಮಾತ್ರ ಇಳಿಯಲಿಲ್ಲ. ಚಿಕ್ಕಮ್ಮ ಮಷೀನಿನ ಪಕ್ಕ ಸುಮ್ಮನೆ ಕೂತಿದ್ದಳು.

ದರ್ಜಿ ಅತ್ತೆ ಒಂದು ಉಪಾಯ ಹೇಳಿದರು. ನಮ್ಮದು ಸಾಲಾಗಿ ಮೂರು ಮನೆ. ಮುಂದಿನ ಬಾಗಿಲು ಬೀದಿಗೆ, ಹಿಂದಿನ ಬಾಗಿಲು ನಲ್ಲಿ ಇರುವ ಹಿತ್ತಲಿಗೆ. ಒಂದು ತುದಿಯಲ್ಲಿ ದರ್ಜಿ ಮಾವ, ನಡುವೆ ನಾವು, ಇನ್ನೊಂದು ತುದಿಯಲ್ಲಿ ಬಸ್ಸು ಓಡಿಸುವ ಡ್ರೈವರಣ್ಣ ಮತ್ತು ಅತ್ತಿಗೆ. ಬಾಡಿಗೆಯನ್ನು ಮೂರು ಪಾಲು ಮಾಡೋಣ, ಮಷೀನನ್ನು ಸರದಿಯ ಮೇಲೆ ಬಳಸೋಣ ಎಂದರು ಅತ್ತೆ.

"ಹೊಸ್ತಿಲು ದಾಟಬಾರದು ಅಂತ ಹೇಳಿದಾನಲ್ಲ" ಎಂದಳು ಚಿಕ್ಕಮ್ಮ.

"ಅವನು ಮುಂದಿನ ಹೊಸ್ತಿಲು ಹೇಳಿದ್ದು ಕಣೇ. ನಾವು ಹಿಂದಿನ ಬಾಗಿಲಲ್ಲಿ ತರೋದು" ಎಂದರು ಅತ್ತೆ.

ಫೆಬ್ರವರಿ 15, ಭಾನುವಾರ

ಡ್ರೈವರಣ್ಣ ಎಲ್ಲಿಂದಲೋ ಹಳೆಯ ಬೇರಿಂಗುಗಳನ್ನು ತಂದು ಹಲಗೆಗೆ ಗಾಲಿ ಕಟ್ಟಿದ. ಮಷೀನು ಈಗ ಅದರ ಮೇಲೆ ಕೂತು ಹಿತ್ತಲಲ್ಲಿ ಸವಾರಿ ಮಾಡುತ್ತದೆ. ದರ್ಜಿ ಮಾವ ಬೀದಿ ಕಿಟಕಿಯಲ್ಲಿ ಹೊಲಿಯುತ್ತ ಕೂರುವುದರಿಂದ ಕಾವಲು ಅವರದು. ಅಂಗಡಿಯವರು ಕಂಡರೆ ಅವರು ಹಾಡಬೇಕು. ಮಾವನ ಹಾಡು ಕೇಳಿದ ಕೂಡಲೇ ಮಷೀನು ನಮ್ಮ ಮನೆಗೆ ಓಡಬೇಕು. ಇವತ್ತು ಅಭ್ಯಾಸಕ್ಕೆಂದು ಹಾಡಿದರು. ಅಭ್ಯಾಸ ಎಂದು ಗೊತ್ತಿದ್ದೂ ಮಷೀನು ನಿಜವಾಗಿಯೂ ಓಡಿಹೋಗಬೇಕು ಎನ್ನುವ ಹಾಗಿತ್ತು ಆ ರಾಗ.

ಮಾರ್ಚ್ 12, ಗುರುವಾರ

ಶನಿವಾರ ಇವತ್ತು ಗುರುವಾರವೇ ಬಂದ.

ಮಷೀನು ಡ್ರೈವರಣ್ಣನ ಮನೆಯಲ್ಲಿತ್ತು, ಹೊಟ್ಟೆ ತುಂಬ ಅವನ ಖಾಕಿ ಬಟ್ಟೆ. ಮಾವ ಹಾಡಿದರು. ಅತ್ತಿಗೆ, ಚಿಕ್ಕಮ್ಮ, ಅತ್ತೆ ಮೂವರೂ ಸೇರಿ ನೀರು ತುಂಬಿದ ಮಷೀನನ್ನೇ ತಳ್ಳಿಕೊಂಡು ಹಿತ್ತಲು ದಾಟಿದರು. ಮುಂದಿನ ಕೋಣೆಯಲ್ಲಿ ಅಜ್ಜಿ ಶನಿವಾರನ ಕೈ ಹಿಡಿದು ತನ್ನ ಮೊಣಕಾಲಿನ ಕತೆಯನ್ನು ಹುಟ್ಟಿದಾಗಿನಿಂದ ಹೇಳುತ್ತಿದ್ದಳು. ನನ್ನನ್ನೂ ಅವನ ಎದುರು ನಿಲ್ಲಿಸಿದ್ದರು, ಮಾತಾಡಿಸುತ್ತ ತಡೆದಿಡು ಎಂದು. ನನಗೆ ಒಂದು ಮಾತೂ ಹೊರಡಲಿಲ್ಲ. ಕೈಯಲ್ಲಿದ್ದ ಚಹಾ ಮಾತ್ರ ಅವನ ಪ್ಯಾಂಟಿನ ಮೇಲೆ ಹೊರಟಿತು. ಅವನು ಒರೆಸಿಕೊಳ್ಳುವಷ್ಟರಲ್ಲಿ ಮಷೀನು ಜಾಗಕ್ಕೆ ಬಂದಿತ್ತು.

ಮುಚ್ಚಳ ತೆಗೆದು ನೋಡಿದ. "ನಿಮ್ಮನೇಲಿ ಗಂಡಸರೇ ಇಲ್ಲ, ಖಾಕಿ ಪ್ಯಾಂಟು ಯಾರದು?"

"ನಂದು" ಎಂದಳು ಅಜ್ಜಿ. "ಚಳಿಗೆ."

ಎಲ್ಲರೂ ನನ್ನ ಚಹಾವನ್ನು ಹೊಗಳಿದರು. ಬೇಕೆಂದು ಚೆಲ್ಲಿದ್ದಲ್ಲ ಎಂದು ಹೇಳಬೇಕೆನ್ನಿಸಿತು, ಹೇಳಲಿಲ್ಲ.

ಜೂನ್ 6, ಶನಿವಾರ

ಬರೆಯುವಂಥದ್ದೇನೂ ಇಲ್ಲ. ಚಿಕ್ಕಮ್ಮನ ಬೆರಳುಗಳು ವಾಸಿಯಾಗಿವೆ. ಉಂಗುರ ಹಾಕಿಕೊಂಡು ನೋಡಿದಳು, ತೆಗೆದಿಟ್ಟಳು.

ಆಗಸ್ಟ್ 20, ಗುರುವಾರ

ಮಷೀನು ನಿಂತಿತು. ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಒಳಗಿನ ಬೆಲ್ಟು ತುಂಡಾಗಿದೆ.

ಚಿಕ್ಕಮ್ಮ ಅಂಗಡಿಗೆ ಹೋದಳು. ನಾನೂ ಜೊತೆಗೆ ಹೋಗಿ ಫ್ಯಾನುಗಳ ಹಿಂದೆ ನಿಂತೆ. ಸಾಹುಕಾರರ ಮುಖದಲ್ಲಿ ಯಾವಾಗಲೂ ನಗು ಇರುತ್ತದೆ, ಅದಕ್ಕೆ ಊರೆಲ್ಲ ಅವರನ್ನು ನಗುಮುಖ ಎಂದು ಕರೆಯುತ್ತದೆ. ನಗುತ್ತಲೇ ಹೇಳಿದರು: "ಬಳಸೋರು ನೀವು ತಾಯಿ. ರಿಪೇರಿ ನಿಮ್ಮದೇ."

"ಸರಿ ಹಾಗಾದ್ರೆ, ರಿಪೇರಿ ಆಗೋವರೆಗೆ ಬಾಡಿಗೆ ಬೇಡ ಅನ್ನಿ."

"ಮಷೀನು ನಮ್ಮದಲ್ವಾ ತಾಯಿ? ನಮ್ಮ ವಸ್ತು ನಿಮ್ಮನೇಲಿರೋವರೆಗೆ ಬಾಡಿಗೆ ಕೊಡಲೇಬೇಕು."

ಚಿಕ್ಕಮ್ಮ ಮನೆಗೆ ಬಂದು ಹೇಳಿದಾಗ ಅಜ್ಜಿ ನಕ್ಕಳು. "ಕೆಟ್ಟಾಗ ನಮ್ಮದು, ಓಡುವಾಗ ಅವರದು. ನಿನ್ನ ತಾತನೂ ಹೀಗೇ ಇದ್ದ. ಮಕ್ಕಳು ಗೆದ್ದರೆ ನನ್ನ ಮಕ್ಕಳು, ಸೋತರೆ ನಿನ್ನ ಮಕ್ಕಳು."

ಹೊಸ ಬೆಲ್ಟಿಗೆ ದುಡ್ಡಿಲ್ಲ. ದರ್ಜಿ ಮಾವ ಡ್ರೈವರಣ್ಣನ ಸೊಂಟದ ಬೆಲ್ಟು ಬಿಚ್ಚಿಸಿ, ಅಳತೆಗೆ ಕತ್ತರಿಸಿ, ದಪ್ಪ ದಾರದಲ್ಲಿ ಹೊಲಿದು ಒಳಗೆ ಹಾಕಿದರು. ಮಷೀನು ತಿರುಗಿತು. ಧಡಕ್ ಧಡಕ್ ಎನ್ನುತ್ತದೆ, ಆದರೂ ತಿರುಗುತ್ತದೆ. ಡ್ರೈವರಣ್ಣ ಪ್ಯಾಂಟು ಹಿಡಿದುಕೊಂಡು ಕೆಲಸಕ್ಕೆ ಹೋದ. ಸ್ಟೇರಿಂಗಿಗೆ ಎರಡೂ ಕೈ ಬೇಕಲ್ಲ ಎಂದು ಅತ್ತಿಗೆಗೆ ಚಿಂತೆ.

ಸೆಪ್ಟೆಂಬರ್ 16, ಬುಧವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಮಷೀನು ಡ್ರೈವರಣ್ಣನ ಮನೆಯಲ್ಲಿ ಧಡಕ್ ಧಡಕ್ ಎನ್ನುತ್ತಿತ್ತು. ಕೈಯಲ್ಲಿ ಕಾಗದ ಸಿಕ್ಕಿಸಿದ ಹಲಗೆ ಹಿಡಿದ ಒಬ್ಬ ಮೇಡಂ ಆ ತುದಿಯಿಂದ ಬಂದು ನೇರ ಅವರ ಬಾಗಿಲು ತಟ್ಟಿದರು. ದರ್ಜಿ ಮಾವ ಇರುವುದು ಈ ತುದಿಯಲ್ಲಿ, ಅವರಿಗೆ ಕಾಣಲೇ ಇಲ್ಲ. ಹಾಡಿಲ್ಲದೆ ಅತ್ತಿಗೆ ಸಿಕ್ಕಿಬಿದ್ದಳು.

"ನಿಮ್ಮನೇಲಿ ಬಾಡಿಗೆ ಕಟ್ಟಿ ಸ್ವಂತ ಮಾಡ್ಕೊಳ್ಳೋ ವಸ್ತು ಏನಾದ್ರೂ ಇದೆಯಾ?" ಎಂದು ಕೇಳಿದರಂತೆ ಮೇಡಂ. ಕಣ್ಣೆದುರೇ ಕುಣಿಯುತ್ತಿದ್ದ ಮಷೀನನ್ನು ಇಲ್ಲ ಎನ್ನುವುದು ಹೇಗೆ? ಪಕ್ಕದ ಮನೆಯದು ಎಂದರೆ ಚಿಕ್ಕಮ್ಮನ ತಲೆಗೆ ಬರುತ್ತದೆ. ಅತ್ತಿಗೆ, "ಇದೆ, ನಮ್ಮದೇ" ಎಂದುಬಿಟ್ಟಳು. ಮೇಡಂ ಬರೆದುಕೊಂಡರು. ಬರೆದು ಮುಗಿಸಿ ಬೀದಿಗೆ ಇಳಿಯುವುದರೊಳಗೆ ಅತ್ತಿಗೆ ಹಿತ್ತಲ ಬಾಗಿಲಲ್ಲಿ ಪ್ರತ್ಯಕ್ಷಳಾದಳು.

"ಅಂಗಡಿಯಿಂದ ಯಾರೋ ಬಂದಿದಾರೆ ಕಣ್ರೇ. ತಗೊಳ್ಳಿ, ತಗೊಳ್ಳಿ."

ತಳ್ಳಿ ತಂದು ನಿಲ್ಲಿಸಿದೆವು. ಆಗಲೇ ಮೇಡಂ ನಮ್ಮ ಮುಂದಿನ ಬಾಗಿಲಲ್ಲಿದ್ದರು. ನಮ್ಮಲ್ಲೂ ಮಷೀನು ಕಂಡರು, ಬರೆದುಕೊಂಡರು. ತಾನು ಅಂಗಡಿಯವಳಲ್ಲ, ಸರ್ಕಾರದವಳು ಎಂದರು. ಇಂಥ ಬಾಡಿಗೆಯಿಂದ ಜನಕ್ಕೆ ಅನುಕೂಲವೋ ತೊಂದರೆಯೋ, ಏನಾದರೂ ಕಾನೂನು ಬೇಕೋ ಬೇಡವೋ ಎಂದು ನೋಡುವುದಕ್ಕೆ ಮನೆಮನೆ ಎಣಿಸುತ್ತಿದ್ದಾರಂತೆ. ಒಳ್ಳೆಯವರು. ಚಪ್ಪಲಿ ಸವೆದಿತ್ತು. ಚಿಕ್ಕಮ್ಮ ಒಂದು ಗಳಿಗೆ ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ಸರ್ಕಾರಕ್ಕೆ ಹೇಳಿದ್ದು ಅಂಗಡಿಗೆ ಕೇಳುವುದಿಲ್ಲ ಎಂದು ಯಾರು ಬರೆದುಕೊಡುತ್ತಾರೆ?

"ತೊಂದರೆ ಏನಿಲ್ಲ ಮೇಡಂ. ಚೆನ್ನಾಗಿದೀವಿ" ಎಂದಳು.

"ನೀನೇನಮ್ಮ ಮಾಡೋದು?" ಎಂದು ನನ್ನನ್ನು ಕೇಳಿದರು. ನಾನು ಗಂಟು ತೋರಿಸಿದೆ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅಷ್ಟರಲ್ಲಿ ದರ್ಜಿ ಅತ್ತೆ ಹಿತ್ತಲಲ್ಲಿ ಬಂದು ನಿಂತು ನನ್ನ ಕೈ ಹಿಡಿದು ಎಳೆಯುತ್ತಿದ್ದರು. "ಅವಳ ಮನೇಲಿ ಇದೆ ಅಂತ ಬರ್ಕೊಂಡ್ರು, ನಿಮ್ಮನೇಲೂ ಇದೆ ಅಂತ ಬರ್ಕೊಂಡ್ರು. ನಮ್ಮನೇಲಿ ಮಾತ್ರ ಇಲ್ಲ ಅಂತ ಬರೀಬೇಕಾ? ನಾವೇನು ದುಡ್ಡು ಕೊಟ್ಟಿಲ್ವಾ? ತಳ್ಳೇ."

ಮೇಡಂ ಮುಂದಿನ ಬಾಗಿಲಿನಿಂದ ಇಳಿದರು, ಮಷೀನು ಹಿಂದಿನ ಬಾಗಿಲಿನಿಂದ ಇಳಿಯಿತು. ದರ್ಜಿ ಮಾವನ ಮನೆಯಲ್ಲಿ ಮೇಡಂ ಅದನ್ನು ಸ್ವಲ್ಪ ಹೊತ್ತು ನೋಡಿದರಂತೆ. ಅದರ ಮೇಲೆ ಅಜ್ಜಿ ಸೋಪಿನ ಪೊಟ್ಟಣದಿಂದ ಕಿತ್ತು ಅಂಟಿಸಿದ ಬಾತುಕೋಳಿಯ ಚೀಟಿ ಇದೆ.

"ಮೂರು ಮನೇಲೂ ಬಾತುಕೋಳಿ?"

"ಕಂಪನಿಯವರೇ ಅಂಟಿಸಿ ಕಳಿಸ್ತಾರೆ" ಎಂದರು ಮಾವ.

"ಮೂರೂ ಹೀಗೇ ಬೆವರ್ತಾ ಇದಾವೆ?"

"ಸೆಕೆ ಮೇಡಂ."

ಮೇಡಂ ಹೋದ ಮೇಲೆ ಎಲ್ಲರೂ ಹಿತ್ತಲಲ್ಲಿ ಕೂತು ನಕ್ಕೆವು. ಅಜ್ಜಿಗೆ ನಕ್ಕೂ ನಕ್ಕೂ ಹಲ್ಲಿನ ಸೆಟ್ಟು ತೆಗೆದಿಡಬೇಕಾಯಿತು. ನಾನೂ ನಕ್ಕೆ. ಸದ್ದು ಬಂತು ಎಂದು ಅತ್ತಿಗೆ ಹೇಳಿದಳು.

ನವೆಂಬರ್ 9, ಸೋಮವಾರ

ಡ್ರೈವರಣ್ಣ ಬಸ್ಸಿನಲ್ಲಿ ಯಾರೋ ಬಿಟ್ಟುಹೋದ ಪತ್ರಿಕೆ ತಂದಿದ್ದ. ಓದಿ ಹೇಳಿದ. ಆಮೇಲೆ ಯಾರೂ ನಗಲಿಲ್ಲ.

ಸರ್ಕಾರ ಒಂದು ಕಾನೂನು ಯೋಚಿಸಿತ್ತಂತೆ. ಅಂಗಡಿ ಬೆಲೆಯ ಮೇಲೆ ಕಾಲು ಭಾಗ ಹೆಚ್ಚು ಕಟ್ಟಿದರೆ ಸಾಕು, ವಸ್ತು ಕಟ್ಟಿದವರದು. ಅಲ್ಲಿಯವರೆಗೆ ರಿಪೇರಿ ಅಂಗಡಿಯದು. ಆದರೆ ಮನೆಮನೆ ಎಣಿಸಿ ನೋಡಿದಾಗ ಬಡವರ ಬೀದಿಗಳಲ್ಲೂ ಸಾಲು ಸಾಲು ಮನೆಯಲ್ಲಿ ವಾಷಿಂಗ್ ಮಷೀನು ಇದೆಯಂತೆ. ಜನ ಸುಖವಾಗಿದ್ದಾರಂತೆ. ಹೀಗಿರುವಾಗ ಕಾನೂನು ಯಾಕೆ ಎಂದು ಅಂಗಡಿಯವರ ಸಂಘ ಕೇಳುತ್ತಿದೆಯಂತೆ. ಕೊನೆಯ ಸಲ ಒಂದು ಸಭೆ ಕರೆದು ಜನರ ಮಾತು ಕೇಳಿ ತೀರ್ಮಾನ ಮಾಡುತ್ತಾರಂತೆ.

"ಸಾಲು ಸಾಲು ಮನೆ ಅಂದ್ರೆ ನಾವೇ" ಎಂದರು ದರ್ಜಿ ಮಾವ.

ಚಿಕ್ಕಮ್ಮ ಬೆರಳು ಮಡಿಚಿ ಎಣಿಸಿದಳು. ಆ ಕಾನೂನು ಬಂದರೆ ಹೊಸ ವರ್ಷದ ಹೊತ್ತಿಗೆ ಮಷೀನು ನಮ್ಮದು. ಬರದಿದ್ದರೆ ಇನ್ನೂ ಒಂದು ವರ್ಷ, ಇನ್ನೂ ಒಂದೂಕಾಲು ಮಷೀನಿನ ದುಡ್ಡು.

"ನಮ್ಮ ಕಾಲ ಮೇಲೆ ನಾವೇ ಕಲ್ಲು ಎತ್ತಿ ಹಾಕ್ಕೊಂಡ್ವಿ" ಎಂದಳು.

"ಎತ್ತಿ ಹಾಕಿಲ್ಲ" ಎಂದಳು ಅಜ್ಜಿ. "ಗಾಲಿ ಕಟ್ಟಿ ತಳ್ಕೊಂಡು ಬಂದು ಹಾಕ್ಕೊಂಡ್ರಿ."

ನವೆಂಬರ್ 22, ಭಾನುವಾರ

ಸಭೆಗೆ ಪ್ರತಿ ಸಾಲಿನಿಂದ ಒಬ್ಬರು ಬರಬೇಕೆಂದು ಮೇಡಂ ಹೇಳಿ ಕಳಿಸಿದ್ದಾರೆ. ಹಿತ್ತಲಲ್ಲಿ ಎಲ್ಲರೂ ಸೇರಿದ್ದರು. ನಿಜ ಹೇಳಿದರೆ ಕಾನೂನು ಬಂದೀತು, ಆದರೆ ಅಲ್ಲೇ ಕೂತಿರುವ ನಗುಮುಖ ಹೊಸ್ತಿಲು ದಾಟಿದ್ದಕ್ಕೆ ಮಷೀನು ಎತ್ತಿಕೊಂಡು ಹೋಗುತ್ತಾರೆ. ಇಷ್ಟು ದಿನ ಕಟ್ಟಿದ್ದೂ ಹೋಯಿತು, ಲಾಡ್ಜೂ ಹೋಯಿತು, ಚಿಕ್ಕಮ್ಮನ ಕೈ ಮತ್ತೆ ಸೋಪಿನ ನೀರಿಗೆ. ಬಾಯಿ ಮುಚ್ಚಿಕೊಂಡಿದ್ದರೆ ಇರುವುದಾದರೂ ಉಳಿಯುತ್ತದೆ. ಬಾಯಿ ಮುಚ್ಚಿಕೊಳ್ಳುವುದೆಂದು ತೀರ್ಮಾನವಾಯಿತು.

ಇನ್ನು ಹೋಗುವವರು ಯಾರು?

ಚಿಕ್ಕಮ್ಮ ಹೋದರೆ ನಗುಮುಖವನ್ನು ನೋಡಿದ ಕೂಡಲೇ ಸಿಡಿಯುತ್ತಾಳೆ. ದರ್ಜಿ ಅತ್ತೆ ಹೋದರೆ ನಮ್ಮಲ್ಲಿ ಮೂರಲ್ಲ, ಆರು ಇದೆ ಎಂದು ಬರುತ್ತಾರೆ. ಡ್ರೈವರಣ್ಣನಿಗೆ ಡ್ಯೂಟಿ. ದರ್ಜಿ ಮಾವ ಗಾಬರಿಯಾದರೆ ಹಾಡುತ್ತಾರೆ. ಕೊನೆಗೆ ಎಲ್ಲರೂ ನನ್ನ ಕಡೆ ನೋಡಿದರು.

"ಮೌನಗೌರಿ ಹೋಗ್ಲಿ. ಇವಳ ಬಾಯಲ್ಲಿ ಮಾತು ಹೊರಡಿಸೋಕೆ ಸರ್ಕಾರದ ಕೈಲೂ ಆಗಲ್ಲ" ಎಂದಳು ಚಿಕ್ಕಮ್ಮ.

ಎಲ್ಲರಿಗೂ ಸಮಾಧಾನವಾಯಿತು. ನನಗೂ. ಸುಮ್ಮನೆ ಕೂತು ಬರುವ ಕೆಲಸ, ನನ್ನಷ್ಟು ಚೆನ್ನಾಗಿ ಯಾರೂ ಮಾಡಲಾರರು.

ನವೆಂಬರ್ 24, ಮಂಗಳವಾರ

ಏನಾಯಿತೋ ನನಗೇ ಸರಿಯಾಗಿ ಗೊತ್ತಿಲ್ಲ. ಆದ ಹಾಗೆ ಬರೆಯುತ್ತೇನೆ.

ದೊಡ್ಡ ಸಭಾಂಗಣ. ಮಡಚುವ ಕುರ್ಚಿಗಳು. ವೇದಿಕೆಯ ಮೇಲೆ ಅಧ್ಯಕ್ಷರು ಎಂದು ಒಬ್ಬ ವಯಸ್ಸಾದ ಅಧಿಕಾರಿ, ಪಕ್ಕದಲ್ಲಿ ನಮ್ಮ ಮನೆಗೆ ಬಂದಿದ್ದ ಮೇಡಂ. ನಾನು ಕಂಬದ ಹಿಂದಿನ ಕುರ್ಚಿ ಹುಡುಕಿ ಕೂತೆ.

ನಗುಮುಖ ಎದ್ದು ಮಾತಾಡಿದರು. "ನಾವು ಮಾರೋದೇ ಇಲ್ಲ ಸ್ವಾಮಿ. ಮಾರಿದ್ರೆ ತಾನೇ ಬೆಲೆ ಎಷ್ಟು, ಬಡ್ಡಿ ಎಷ್ಟು ಅಂತ ನೀವು ಕೇಳೋದು? ನಮ್ಮದು ಬರೀ ಬಾಡಿಗೆ. ಬೇಡ ಅಂದ್ರೆ ನಾಳೆನೇ ವಾಪಸ್ ಕೊಡಬಹುದು, ಯಾರದೂ ಬಲವಂತ ಇಲ್ಲ. ಜನ ಎಷ್ಟು ಸಂತೋಷವಾಗಿದಾರೆ ನೋಡಿ. ಒಂದೇ ಸಾಲಲ್ಲಿ ಮೂರು ಮನೆಗೂ ಮಷೀನು. ಅಗೋ, ಆ ಕಂಬದ ಹಿಂದೆ ಕೂತಿದಾಳಲ್ಲ, ಅದೇ ಸಾಲಿನ ಹುಡುಗಿ. ಅವಳನ್ನೇ ಕೇಳಿ."

ಎಲ್ಲ ತಲೆಗಳೂ ತಿರುಗಿದವು. ಕಂಬ ಇನ್ನೂ ಸ್ವಲ್ಪ ದಪ್ಪ ಇರಬೇಕಿತ್ತು.

"ಏಳಮ್ಮ, ಹೆದರಬೇಡ. ನಿಮ್ಮನೇಲಿ ವಾಷಿಂಗ್ ಮಷೀನು ಇದೆಯಾ?" ಎಂದರು ಅಧ್ಯಕ್ಷರು.

ಇದೆ ಎನ್ನುವುದಕ್ಕೇ ಎದ್ದೆ. ಎರಡೇ ಅಕ್ಷರ. ಆದರೆ ಅಷ್ಟು ಜನ ಒಟ್ಟಿಗೆ ನೋಡಿದರೆ ನನಗೆ ಯೋಚನೆ ನಿಂತುಹೋಗುತ್ತದೆ. ಯೋಚಿಸದೆ ಸುಳ್ಳು ಹೇಳಲು ನನಗೆ ಬರುವುದಿಲ್ಲ.

"ಇವತ್ತು ಇಲ್ಲ" ಎಂದೆ.

"ಅಂದ್ರೆ?"

"ಇವತ್ತು ಡ್ರೈವರಣ್ಣನ ಮನೆ ಸರದಿ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ನಗು ಮುಂದಕ್ಕೆ ಹರಿದು ಬಂತು. ಮೇಡಂ ಹಣೆ ಮುಟ್ಟಿಕೊಂಡರು. "ಅಯ್ಯೋ, ಬಾತುಕೋಳಿ" ಎಂದರು. ಅವರೂ ನಗುತ್ತಿದ್ದರು.

ನಗುಮುಖ ಮಾತ್ರ ಈಗ ನಿಜವಾಗಿ ಖುಷಿಯಾದರು. "ಕೇಳಿದ್ರಲ್ಲ? ನಿಯಮ ಮುರಿದಿದಾರೆ. ನಮ್ಮ ಮಷೀನು, ನಮ್ಮನ್ನ ಕೇಳದೆ ಊರೆಲ್ಲ ಸುತ್ತಿಸ್ತಿದಾರೆ. ನಾಳೆನೇ ಎತ್ತಿಸ್ತೀನಿ."

ನನಗೆ ಚಿಕ್ಕಮ್ಮನ ಬೆರಳು ಕಣ್ಣ ಮುಂದೆ ಬಂತು. ಕೂತುಕೊಳ್ಳಬೇಕೆಂದು ಕಾಲಿಗೆ ಹೇಳಿದೆ, ಅದು ಕೇಳಲಿಲ್ಲ.

"ಎತ್ತಿಸಿ. ಒಳಗಿರೋ ಬೆಲ್ಟು ಮಾತ್ರ ಬಿಚ್ಚಿ ಕೊಟ್ಟು ಹೋಗಿ. ಅದು ಡ್ರೈವರಣ್ಣನ ಸೊಂಟದ್ದು. ಮೂರು ತಿಂಗಳಿಂದ ಪ್ಯಾಂಟು ಹಿಡ್ಕೊಂಡು ಬಸ್ಸು ಓಡಿಸ್ತಿದಾನೆ" ಎಂದೆ.

"ಏನು, ಏನು?" ಎಂದು ಅಧ್ಯಕ್ಷರು ಮುಂದೆ ಬಾಗಿದರು. ಅವರು ಕೇಳಿದ್ದಕ್ಕೆ ಉತ್ತರ ಕೊಟ್ಟೆ. ಬೆಲ್ಟು ತುಂಡಾಗಿದ್ದು, ಅಂಗಡಿಗೆ ಹೋಗಿದ್ದು, ಕೆಟ್ಟಾಗ ನಿಮ್ಮದು ಓಡುವಾಗ ನಮ್ಮದು ಎಂದು ಕಳಿಸಿದ್ದು, ಅಜ್ಜಿ ತಾತನಿಗೆ ಹೋಲಿಸಿದ್ದು. ತಾತನ ವಿಷಯ ಬೇಕಿರಲಿಲ್ಲ, ಅದೂ ಬಂದುಬಿಟ್ಟಿತು.

ಅಧ್ಯಕ್ಷರು ನಗುಮುಖದ ಕಡೆ ತಿರುಗಿದರು. "ಬಾಡಿಗೆ ಮನೆ ಸೂರು ಸೋರಿದ್ರೆ ಮಾಲೀಕರು ತಾನೇ ಸರಿ ಮಾಡಿಸೋದು? ರಿಪೇರಿ ಗಿರಾಕಿದು ಅಂತೀರಿ, ವಸ್ತು ಮಾತ್ರ ನಿಮ್ಮದು ಅಂತೀರಿ. ಎರಡರಲ್ಲಿ ಒಂದು ಹೇಳಿ."

ಅಷ್ಟರಲ್ಲಿ ಒಬ್ಬ ಹೆಂಗಸು ಎದ್ದು, "ನಮ್ಮ ಫ್ರಿಜ್ಜಿಗೂ ಇದೇ ಹೇಳಿದ್ರು" ಎಂದಳು. ಇನ್ನೊಬ್ಬರು, "ನಮ್ಮ ಮಂಚಕ್ಕೂ" ಎಂದರು. ಆಮೇಲೆ ಯಾರು ಏನು ಹೇಳಿದರೋ ಕೇಳಲಿಲ್ಲ, ಅಷ್ಟು ಗದ್ದಲ. ನಾನು ಹೊರಗೆ ಬಂದು ನಲ್ಲಿಯಲ್ಲಿ ನೀರು ಕುಡಿದೆ.

ಮನೆಯಲ್ಲಿ ಹೇಳಿದೆ. ಚಿಕ್ಕಮ್ಮ ಕೇಳಿ, ಎದ್ದು, ಬಕೆಟ್ಟು ತೊಳೆದು ಬೋರಲು ಹಾಕಿದಳು. ಅದು ಕೈಯಲ್ಲಿ ಒಗೆಯುವ ಬಕೆಟ್ಟು. ನನ್ನ ಹತ್ತಿರ ಮಾತಾಡಲಿಲ್ಲ.

ನವೆಂಬರ್ 25, ಬುಧವಾರ

ಶನಿವಾರ ಬಂದ, ಕೈಗಾಡಿ ತಂದಿದ್ದ. ಯಾರೂ ಹಾಡಲಿಲ್ಲ. ಹಾಡಿ ಏನು ಪ್ರಯೋಜನ?

ಮಷೀನು ಹಿತ್ತಲಲ್ಲಿ ಎಲ್ಲರಿಗೂ ಕಾಣುವ ಹಾಗೆ ನಿಂತಿತ್ತು. ಚಿಕ್ಕಮ್ಮ ಒಳಗೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ನಾನೇ ಹೋದೆ.

"ಅಣ್ಣ, ಮೊದಲು ಬೆಲ್ಟು ಬಿಚ್ಚಿ" ಎಂದೆ.

ಶನಿವಾರ ಹಿಂದಿನ ತಗಡು ತೆಗೆದು ನೋಡಿದ. ಖಾಕಿ ದಾರದ ಹೊಲಿಗೆ, ಬಕಲ್ಲಿನ ತೂತುಗಳು, ಎಲ್ಲ ಹಾಗೇ ಇದ್ದವು. ಅವನ ಭುಜ ಕುಣಿಯತೊಡಗಿತು. ಅಳುತ್ತಿದ್ದಾನೋ ಎಂದುಕೊಂಡೆ. ನಗುತ್ತಿದ್ದ.

"ನನ್ನ ಬೈಕು ಹೊರಗೆ ನಿಂತಿದೆ ನೋಡಮ್ಮ. ಅದೂ ಅದೇ ಅಂಗಡೀದು, ಬಾಡಿಗೆ ಕಟ್ಟಿ ಸ್ವಂತ ಮಾಡ್ಕೊಳ್ಳೋದು. ಹೆಡ್‌ಲೈಟು ಹೋಗಿ ಆರು ತಿಂಗಳಾಯ್ತು. ಬಳಸೋನು ನೀನೇ ಅಂತಾರೆ. ಬಳಸೋದು ಅವರ ವಸೂಲಿಗೆ" ಎಂದ.

"ಕೇಳಲಿಲ್ವಾ?"

"ಕೇಳೋಕೆ ಬಾಯಿ ಬರಬೇಕಲ್ಲ."

"ಅದೇನು ಕಷ್ಟ? ಹೋಗಿ ನಿಂತ್ಕೊಂಡು ಕೇಳೋದು" ಎಂದೆ.

ಅವನು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. ಆಮೇಲೆ ತಗಡು ಮುಚ್ಚಿ, ಖಾಲಿ ಗಾಡಿ ತಳ್ಳಿಕೊಂಡು ಹೋದ. ನಾಳೆ ಬರುತ್ತಾನೋ ಏನೋ.

ನವೆಂಬರ್ 28, ಶನಿವಾರ

ಮರುದಿನವೂ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಇವತ್ತು ಬಾಡಿಗೆಗೆ ಬಂದ. ಅಂಗಡಿಯ ಮುಂದೆ ಕೆಟ್ಟ ಫ್ಯಾನು, ಮುರಿದ ಮಂಚ, ತಣ್ಣಗಾಗದ ಫ್ರಿಜ್ಜು ಹೊತ್ತವರ ಸಾಲು ನಿಂತಿದೆಯಂತೆ. ಎಲ್ಲರದೂ ಒಂದೇ ಪ್ರಶ್ನೆ, ಇದು ಯಾರದು? ನಗುಮುಖಕ್ಕೆ ನಮ್ಮ ಮಷೀನು ಎತ್ತಿಸುವಷ್ಟು ಪುರುಸೊತ್ತಿಲ್ಲ.

"ಸಾಹುಕಾರ್ರು ಹೇಳಿ ಕಳಿಸಿದಾರೆ" ಎಂದ ಶನಿವಾರ. "ಕಾನೂನು ಏನಾಗುತ್ತೆ ಅಂತ ಗೊತ್ತಾಗೋವರೆಗೆ ಮಷೀನು ಎಲ್ಲಿ ಬೇಕಾದ್ರೂ ಓಡಾಡ್ಲಿ. ಆ ಹುಡುಗಿ ಮಾತ್ರ ಅಂಗಡಿ ಕಡೆ ಓಡಾಡೋದು ಬೇಡವಂತೆ."

ಚಿಕ್ಕಮ್ಮ ಒಳಗಿನಿಂದ, "ಅವಳಿಗೂ ಚಹಾ ಕೊಡ್ತೀನಿ, ಬಾ ಅನ್ನಿ" ಎಂದಳು. ಅವಳು ಎಂದರೆ ನಾನು. ನಾನು ಅವಳ ಪಕ್ಕದಲ್ಲೇ ಇದ್ದೆ.

ಡಿಸೆಂಬರ್ 19, ಶನಿವಾರ

ಅಂಗಡಿಯ ಖರ್ಚಿನಲ್ಲೇ ಹೊಸ ಬೆಲ್ಟು ಬಂತು. ಡ್ರೈವರಣ್ಣನಿಗೆ ಹಳೆಯದು ವಾಪಸು ಸಿಕ್ಕಿತು, ಉಂಗುರದ ಹಾಗೆ ಸುತ್ತಿ ಹೊಲಿದದ್ದು. ಹಾಕಿಕೊಳ್ಳಲು ತಲೆಯಿಂದ ತೂರಿಸಿಕೊಳ್ಳಬೇಕು.

ಲಾಡ್ಜಿನ ಗುಮಾಸ್ತ ಮತ್ತೆ ಟವೆಲು ಕಡಿಮೆ ಎಣಿಸಿದ. ಮೊದಲಿಂದ ಎಣಿಸಿದೆವು. ಅದರಿಂದ ಇವತ್ತು ಮನೆಗೆ ಬರುವುದು ತಡವಾಯಿತು.

ಫೆಬ್ರವರಿ 8, ಸೋಮವಾರ

ಕಾನೂನು ಬಂತು. ಪೂರ್ತಿ ಅಲ್ಲ, ಅಂಗಡಿಯವರೂ ಜಗ್ಗಿ ಸ್ವಲ್ಪ ಉಳಿಸಿಕೊಂಡಿದ್ದಾರಂತೆ. ಮಂಚ ಕುರ್ಚಿಗಳಿಗೆ ಅನ್ವಯಿಸುವುದಿಲ್ಲ. ವಾಷಿಂಗ್ ಮಷೀನಿಗೆ ಅನ್ವಯಿಸುತ್ತದೆ. ನಾವು ಕಟ್ಟಿದ್ದು ಬೆಲೆ ದಾಟಿ ಅದರ ಮೇಲಿನ ಕಾಲು ಭಾಗವನ್ನೂ ದಾಟಿದೆ. ಶನಿವಾರ ಬಂದು, ಇನ್ನು ಬರುವುದಿಲ್ಲ ಎಂದು ಹೇಳಿ ಹೋದ. ಅಜ್ಜಿಗೆ ಬೇಜಾರಾಯಿತು. ಮೊಣಕಾಲಿನ ಕತೆ ಇನ್ನೂ ಅರ್ಧಕ್ಕೆ ನಿಂತಿದೆ.

ಮಷೀನು ನಮ್ಮದು.

ಫೆಬ್ರವರಿ 9, ಮಂಗಳವಾರ

ನಮ್ಮದು ಎಂದರೆ ಯಾರದು ಎಂದು ಇವತ್ತು ಬೆಳಿಗ್ಗೆ ದರ್ಜಿ ಅತ್ತೆ ಕೇಳಿದರು.

ಹೆಸರು ಚಿಕ್ಕಮ್ಮನದು, ಆದ್ದರಿಂದ ನಮ್ಮ ಮನೆಯಲ್ಲೇ ಇರಬೇಕು ಎಂದಳು ಚಿಕ್ಕಮ್ಮ. ಉಪಾಯ ತಮ್ಮದು, ಆದ್ದರಿಂದ ತಮ್ಮ ಮನೆ ಎಂದರು ಅತ್ತೆ. ಗಾಲಿಯೂ ಬೆಲ್ಟೂ ನಮ್ಮವರದು, ಸೊಂಟ ನಮ್ಮವರದು ಎಂದಳು ಅತ್ತಿಗೆ. ಒಂದು ವರ್ಷ ಒಂದು ಮಾತೂ ಆಡದೆ ಒಟ್ಟಿಗೆ ತಳ್ಳಿದ ಮೂವರು ಇವತ್ತು ಒಂದೊಂದು ಮೂಲೆ ಹಿಡಿದು ಮೂರು ಕಡೆ ಎಳೆಯುತ್ತಿದ್ದರು. ಮಷೀನು ಹಿತ್ತಲ ನಡುವೆ ಸಿಕ್ಕಿಕೊಂಡಿತು. ಲಾಡ್ಜಿನ ಗಂಟು ಹಾಗೇ ಬಿದ್ದಿತ್ತು. ದರ್ಜಿ ಮಾವ ಗಾಬರಿಯಾಗಿ ಹಾಡುವುದಕ್ಕೆ ಶುರುಮಾಡಿದರು.

ನಾನು ಬಕೆಟ್ಟಿನ ಮೇಲೆ ಹತ್ತಿ ನಿಂತು ಹೇಳಿದೆ. ಸರದಿ ಮೊದಲಿನ ಹಾಗೇ ಇರುತ್ತದೆ. ಕೆಟ್ಟರೆ ಮೂರು ಮನೆಯೂ ಸೇರಿ ಸರಿ ಮಾಡಿಸುವುದು. ಒಪ್ಪದವರು ತಮ್ಮ ಮೂರನೇ ಒಂದು ಪಾಲು ಕತ್ತರಿಸಿಕೊಂಡು ಹೋಗಬಹುದು, ದರ್ಜಿ ಮಾವನ ಹತ್ತಿರ ಕತ್ತರಿ ಇದೆ. ಇವತ್ತು ಯಾರ ಸರದಿ?

ದರ್ಜಿ ಮಾವ ಹಾಡು ನಿಲ್ಲಿಸಿದರು.

"ನಿಮ್ಮದೇ" ಎಂದರು ದರ್ಜಿ ಅತ್ತೆ, ಮೂಲೆ ಬಿಟ್ಟು.

ಗಂಟು ಬಿಚ್ಚಿ ಮಷೀನಿಗೆ ಹಾಕಿದೆ. ಚಿಕ್ಕಮ್ಮ ನನ್ನನ್ನು ಯಾಕೋ ಮತ್ತೆ ಮತ್ತೆ ನೋಡುತ್ತಿದ್ದಳು. ಗಂಟಲು ಸಂಜೆಯಿಂದ ಕಟ್ಟಿಕೊಂಡಿದೆ. ಹವೆ ಬದಲಾಗಿರಬೇಕು.